ಇನೋಬತ್ ಬಗ್ಗಿಸಿದ ಚಹಾ

ಹೊಸ ಡಾಕ್ಟರ್ ಮಫ್ತುನ ಮೊದಲ ಸಲ ಮನೆಗೆ ಬಂದ ದಿನ ಇನೋಬತ್ ಚಹಾದ ಬಟ್ಟಲನ್ನು ಅಂಚಿನವರೆಗೂ ತುಂಬಿಸಿ ಮುಂದಿಟ್ಟಳು. ಮಾರ್ಗಿಲಾನ್ ಊರಿನ ಆ ಕೇರಿಯಲ್ಲಿ ಬೇಕಾದವರಿಗೆ ಬಟ್ಟಲ ತಳ ಮುಚ್ಚುವಷ್ಟೇ ಬಗ್ಗಿಸಿ, ಮತ್ತೆ ಮತ್ತೆ ಬಗ್ಗಿಸುತ್ತಾ ಕೂರಿಸಿಕೊಳ್ಳುತ್ತಾರೆ. ತುಂಬು ಬಟ್ಟಲೆಂದರೆ ಕುಡಿದು ಜಾಗ ಖಾಲಿ ಮಾಡು ಎಂದೇ ಅರ್ಥ. ಹುಡುಗಿಯೂ ಆ ಸೀಮೆಯವಳೇ, ಗೊತ್ತಿಲ್ಲದೆ ಏನು?

"ಇಷ್ಟು ಕುಡಿಯೋಕೆ ಹೊತ್ತು ಹಿಡಿಯತ್ತೆ ಖಾಲಾ. ಅಲ್ಲೀವರೆಗೆ ನಿಮ್ಮ ಎದೆ ನೋಡ್ಬಿಡ್ತೀನಿ," ಎಂದು ಸ್ವಂತ ಚಿಕ್ಕಮ್ಮನಿಗೆ ಹೇಳುವಂತೆ ನಕ್ಕು ಚೀಲ ಬಿಚ್ಚಿದಳು.

ಇನೋಬತ್ ಮದುವೆಯಾಗಿ ಬಂದಾಗಿನಿಂದ ಕೇರಿಗೆಲ್ಲ ರೊಟ್ಟಿ ಸುಟ್ಟುಕೊಟ್ಟವಳು. ತಂದೂರಿನೊಳಗೆ ಬಗ್ಗಿ ಬಗ್ಗಿ ಮೊಣಕೈವರೆಗೆ ಸುಟ್ಟ ಕಲೆ. ಈಚೆಗೆ ಬಗ್ಗಿದರೆ ಏದುಸಿರು ಬರುತ್ತಿತ್ತು. ಹಳೆಯ ಡಾಕ್ಟರ್ ಮುಹಿದ್ದೀನ್ ಅದನ್ನು ನರಗಳ ನಿಶ್ಶಕ್ತಿ ಎಂದಿದ್ದರು. ಶರತ್ಕಾಲ ಬಂತೆಂದರೆ ದ್ರಾಕ್ಷಿ ಚಪ್ಪರಕ್ಕೆ ಬಾಟಲಿ ತೂಗುಹಾಕಿ, ಕೆಳಗಿನ ಮಂಚದಲ್ಲಿ ಅವಳನ್ನು ಮಲಗಿಸಿ ಔಷಧಿ ಏರಿಸುತ್ತಿದ್ದರು. ನೆರೆಯವರು ಸಾರು ತಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಎಂಥ ಸುಖದ ಕಾಯಿಲೆ ಅದು! ಅವರು ನಿವೃತ್ತರಾದರು, ಈ ಹುಡುಗಿ ಬಂದಳು. ಬಂದವಳೇ ಕ್ಲಿನಿಕ್ಕಿನಲ್ಲಿ ಯಾರಿಗೂ ಬಾಟಲಿ ಬೇಡ ಎಂದಳು. ಬಾಟಲಿ ಏರಿಸದವಳು ಯಾವ ಸೀಮೆ ಡಾಕ್ಟರು ಎಂದು ಇನೋಬತ್ ಕೇರಿ ತುಂಬ ಕೇಳಿಕೊಂಡು ಬಂದಿದ್ದಳು.

ಮಫ್ತುನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದಳು.

"ಹೃದಯದ ಕವಾಟ ಇಷ್ಟು ಕೆಟ್ಟಿದೆ. ಆವಾಗ್ಲೇ ಆಪರೇಷನ್ ಬೇಡ ಅಂದ್ರಿ ಅಂತ ಹಳೇ ಕಡತದಲ್ಲಿದೆ, ಯಾಕೆ ಖಾಲಾ?"

"ಯಾವ ಕವಾಟ ಕಣಮ್ಮಾ? ನಂದು ನರದ್ದು. ಬೇರೆ ಯಾರದೋ ಕಾಯಿಲೆ ನನ್ನ ತಲೆಗೆ ಕಟ್ತಿದ್ದೀಯ ನೀನು."

ಹುಡುಗಿ ಗಾಬರಿಯಾಗಿ ಇನೋಬತಳ ಗಂಡ ಎರ್ಗಶನ ಕಡೆ ನೋಡಿದಳು. ಎರ್ಗಶ್ ಚಪ್ಪರದ ದ್ರಾಕ್ಷಿ ನೋಡುತ್ತಿದ್ದ.

"ಗೊತ್ತಿದೆ ಅಂದ್ಕೊಂಡಿದ್ದೆ," ಎಂದಳು ಮಫ್ತುನ, ಮೆಲ್ಲಗೆ. "ಈಗಲೂ ಮಾಡಿಸಬಹುದು. ಇನ್ನೂ ತಡ ಮಾಡಿದ್ರೆ ಆಗಲ್ಲ."

ಅವಳು ಹೋದದ್ದೇ ತಡ, ಇನೋಬತ್ ಉರಿದುಬಿದ್ದಳು. "ನೋಡಿದ್ರಾ? ಬಂದ ವಾರದಲ್ಲೇ ಕತ್ತಿ ಹಿರಿದಳು! ಪಟ್ಟಣದ ಆಸ್ಪತ್ರೆಯವರ ಜೊತೆ ಒಳಒಳಗೇ ಮಾತಾಡ್ಕೊಂಡಿರ್ತಾಳೆ. ರೀ, ಏನಾದ್ರೂ ಅನ್ರೀ."

ಎರ್ಗಶ್ ಎದ್ದು ಬಟ್ಟಲು ಎತ್ತಿಟ್ಟ. ಬಾಯಿಗೆ ಬಂದಂತೆ ಬಯ್ಯಬೇಕಾಗಿದ್ದ ಗಂಡಸು ಸುಮ್ಮನಿದ್ದದ್ದೇ ಅವಳನ್ನು ಕೊರೆಯತೊಡಗಿತು. ಡಾಕ್ಟರ ಮೇಲಿದ್ದ ಅನುಮಾನ ಮೆಲ್ಲಗೆ ಮನೆಯ ಕಡೆಗೇ ತಿರುಗಿತು. ಸೊಸೆ ಹಿಟ್ಟಿನ ತೊಟ್ಟಿ ಕಸಿದುಕೊಂಡು "ನೀವು ಕೂತ್ಕೊಳ್ಳಿ ಅತ್ತೆ" ಎನ್ನುತ್ತಿದ್ದಳು. ಯಜಮಾನಿಕೆಗೆ ಕೈ ಹಾಕುತ್ತಿದ್ದಾಳೆಂದು ಇವಳು ಮುನಿದಿದ್ದಳು. ಹುಟ್ಟಿದಾಗಿನಿಂದ ಜಗಳವಾಡುತ್ತಿದ್ದ ತಂಗಿ ಈಗ ಏನೆಂದರೂ ತಲೆಯಾಡಿಸುತ್ತಿದ್ದಳು. ಮತ್ತೆ ಕಿರಿಮಗ ಜಸೂರನ ಮದುವೆ! ಹುಡುಗ ಓದು ಮುಗಿಸುವವರೆಗೂ ಕಾಯದೆ ಅವಸರ ಅವಸರವಾಗಿ ಮಾಡಿದ್ದರು. ಬೀಗರಿಗೇ ತಡೆಯಲಾಗಲಿಲ್ಲ ಎಂದು ಅವಳು ಕೇರಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು.

"ರೀ, ಜಸೂರನ ಮದುವೆಗೆ ಯಾಕೆ ಅಷ್ಟು ಅವಸರ ಮಾಡಿದ್ರಿ?"

ಎರ್ಗಶ್ ಗಡ್ಡ ನೀವಿಕೊಂಡ. "ಮುಹಿದ್ದೀನ್ ಡಾಕ್ಟ್ರು ಹೇಳಿದ್ರು ಕಣೆ. ಬೇಗ ಮಾಡಿ, ತಾಯಿ ಕಣ್ಣಿಂದ ನೋಡ್ಲಿ ಅಂತ. ಆಪರೇಷನ್ ತಡ್ಕೊಳ್ಳಲ್ಲ, ಹೇಳಿದ್ರೆ ಹೆದರಿಕೆಗೇ ಹೋಗ್ತಾಳೆ ಅಂದ್ರು. ಎಲ್ಲರ ಮನೇಲೂ ಹಾಗೇ ಅಲ್ವೇನೆ, ಕಾಯಿಲೆ ಬಿದ್ದೋರಿಗೆ ಯಾರು ಹೇಳ್ತಾರೆ?"

ನಿಜವೇ. ಅವಳ ತಾಯಿಗೂ ಯಾರೂ ಹೇಳಿರಲಿಲ್ಲ. ಆ ತಾಯಿಯ ಎದುರು ಕೂತು ನಗುನಗುತ್ತಾ ಸುಳ್ಳು ಹೇಳಿದವಳು ಇನೋಬತಳೇ. ಆಗ ಅದು ಕರುಣೆಯೆನಿಸಿತ್ತು. ಈಗ ಅದೇ ಕರುಣೆ ತನ್ನ ಪಾಲಿಗೆ ಬಂದಾಗ ಮೈಯೆಲ್ಲ ಉರಿಯಿತು. ತಾನು ಬದುಕಿರುವಾಗಲೇ ಮನೆಯವರೆಲ್ಲ ಸೇರಿ ತನ್ನನ್ನು ಕಳಿಸಿಕೊಟ್ಟು ಮುಗಿಸಿದ್ದರು.

ಶುಕ್ರವಾರದ ನಮಾಜು ಮುಗಿಸಿ ಮುಹಿದ್ದೀನ್ ಡಾಕ್ಟರು ಎಂದಿನಂತೆ ಬಂದರು. ಅವರಿಗೆಂದೇ ಇದ್ದ ಮೇಲಿನ ಜಾಗದಲ್ಲಿ ದಿಂಬಿಗೊರಗಿ ಕುಳಿತರು.

"ಹೇಗಿದ್ದೀಯಮ್ಮಾ ಇನೋಬತ್? ನರಗಳು ಏನಂತವೆ?"

ಇನೋಬತ್ ರೊಟ್ಟಿ ಮುರಿದಿಟ್ಟಳು. ಬಟ್ಟಲು ಎತ್ತಿಕೊಂಡು ಬಗ್ಗಿಸತೊಡಗಿದಳು. ತಳ ಮುಚ್ಚಿತು, ಅರ್ಧವಾಯಿತು, ಅವಳು ನಿಲ್ಲಿಸಲಿಲ್ಲ. ಎರ್ಗಶ್ "ಏ, ಏ," ಎಂದ. ಅಂಚಿನವರೆಗೂ ತುಂಬಿದ ಬಟ್ಟಲನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಆ ಕೆಟ್ಟ ಎದೆಯ ಮೇಲಿಟ್ಟು, ಮರ್ಯಾದೆಯಿಂದಲೇ ಕೊಟ್ಟಳು.

ಮುದುಕರು ಬಟ್ಟಲನ್ನೇ ನೋಡಿದರು. ಬಿಸಿಬಿಸಿಯಾಗಿದ್ದರೂ ಪೂರ್ತಿ ಕುಡಿದು, ಟೋಪಿ ಸರಿಮಾಡಿಕೊಂಡು ಎದ್ದರು.

"ಹೋಗಿ ಆ ಹುಡುಗೀನ ಕರ್ಕೊಂಡು ಬನ್ನಿ," ಎಂದಳು ಇನೋಬತ್ ಗಂಡನಿಗೆ.

"ಅವಳನ್ನ ನಂಬ್ತೀಯಾ?"

"ಇಲ್ಲ. ಆದ್ರೆ ಅವಳು ಏನು ಹೇಳೋದಿದ್ರೂ ನನ್ನ ಮುಖ ನೋಡಿ ನನಗೇ ಹೇಳ್ತಾಳೆ."

ಅವನು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಅವಳು ಬಟ್ಟಲು ತೊಳೆದು, ಹೊಸ ಚಹಾ ಕಾಯಿಸಿಟ್ಟಳು. ಈ ಸಲ ಎಷ್ಟು ಬಗ್ಗಿಸಬೇಕೆಂದು ಅವಳಿಗೆ ಗೊತ್ತಿತ್ತು.