ಬೆಳಗ್ಗೆ ಮಾತ್ರ ಕೆಡುತ್ತಿದ್ದ ಕಾರು

ಡ್ರೈವರ್ ಕೆಂಚಪ್ಪ ಹೋದ ವರ್ಷ ಬಿಳಿಗೆರೆಯಲ್ಲಿ ತೀರಿಕೊಂಡ. ಅವನ ವಿಷಯ ಬರೆಯಬೇಕು ಅಂತ ಮಣ್ಣಿಗೆ ಹೋಗಿ ಬಂದ ದಿನವೇ ಅಂದುಕೊಂಡಿದ್ದೆ. ಆದರೆ ಅವನ ವಿಷಯ ಹೇಳಬೇಕಾದರೆ ಮೊದಲು ನನ್ನ ಗುಣ ಹೇಳಿಬಿಡುವುದು ಒಳ್ಳೆಯದು.

ತಿಪಟೂರಿನಲ್ಲಿ ನಾನು ಇಪ್ಪತ್ತಾರು ವರ್ಷ ಗ್ಯಾರೇಜು ನಡೆಸಿದವನು. ಈ ಕಸುಬಿನಲ್ಲಿ ಗಾಡಿಗೆ ಆಗಿರುವುದೇ ಒಂದು, ತಂದವನು ಹೇಳುವುದೇ ಇನ್ನೊಂದು. ಮೈಲಿಗಲ್ಲಿಗೆ ಗುದ್ದಿಕೊಂಡು ಬಂದವನು "ನಿಲ್ಸಿದ್ ಕಡೆನೇ ಬಾಗೋಗೈತೆ ಕಣಣ್ಣ" ಅನ್ನುತ್ತಾನೆ. ನೀರು ಹಾಕದೆ ಇಂಜಿನ್ನು ಸುಟ್ಟುಕೊಂಡವನು ನಿನ್ನೆ ತಾನೇ ಹಾಕಿದ್ದೆ ಅಂತ ಆಣೆ ಇಡುತ್ತಾನೆ. ಹೀಗಾಗಿ ಯಾರು ಬಾಯಿ ತೆರೆದರೂ ಇವನು ಇದರಲ್ಲಿ ಎಷ್ಟು ಮುಚ್ಚಿಡುತ್ತಿದ್ದಾನೆ ಅಂತ ನೋಡುವುದೇ ನನಗೆ ಅಭ್ಯಾಸವಾಗಿಹೋಗಿತ್ತು. ನನ್ನ ಹೆಂಡತಿ ಶಿವರುದ್ರಮ್ಮ "ನಿಮ್ಗೆ ದೇವ್ರು ಪ್ರತ್ಯಕ್ಷ ಆದ್ರೂ ಎಲ್ಲಿಂದ ಬಂದೆ, ಯಾಕ್ ಬಂದೆ ಅಂತ ಕೇಳ್ತೀರ" ಅನ್ನುತ್ತಿದ್ದಳು. ಅವಳ ಮಾತು ತಪ್ಪಲ್ಲ.

ಕೆಂಚಪ್ಪ ಹುಡುಗನಾಗಿದ್ದಾಗ ಬಿಳಿಗೆರೆಯಿಂದ ಎತ್ತಿನ ಗಾಡಿಯಲ್ಲಿ ತೆಂಗಿನಕಾಯಿ ಹೊಡೆದುಕೊಂಡು ಬರುತ್ತಿದ್ದವನು. ಆಮೇಲೆ ಕೊಬ್ಬರಿ ಲಾರಿಯಲ್ಲಿ ಕ್ಲೀನರ್ ಆದ, ಲೈಸೆನ್ಸ್ ಮಾಡಿಸಿಕೊಂಡ. ಅರವತ್ಮೂರರಲ್ಲಿ ಕೊಬ್ಬರಿ ಮಂಡಿಯ ಪರಮಶಿವಯ್ಯನವರು ಬೂದು ಬಣ್ಣದ ಅಂಬಾಸಿಡರ್ ಕೊಂಡಾಗ ಅದಕ್ಕೆ ಡ್ರೈವರ್ ಆಗಿ ಸೇರಿದ. ಸಣಕಲು ಆಳು, ಮಾತು ಕಡಿಮೆ. ಪ್ರತಿ ಸಲ ಕಾರು ಹತ್ತುವ ಮೊದಲು ಒಂದು ಸುತ್ತು ಬಂದು, ಕೋಳಿಯೋ ನಾಯಿಮರಿಯೋ ಮಲಗಿದೆಯೇನೋ ಅಂತ ಬಗ್ಗಿ ಕೆಳಗೆ ನೋಡುತ್ತಿದ್ದ. ಅವನಪ್ಪ ಕುಡಿದು ಕುಡಿದು ಒಂದು ದಿನ ಬಿಳಿಗೆರೆಯ ಕೆರೆ ಏರಿ ಮೇಲೆ ಬಿದ್ದು ಸತ್ತಿದ್ದ. ಆದ್ದರಿಂದ ಮಗ ಹೆಂಡ ಇರಲಿ, ಹೊಗೆಸೊಪ್ಪನ್ನೂ ಮುಟ್ಟಿದವನಲ್ಲ.

ಇನ್ನು ಪರಮಶಿವಯ್ಯನವರು ಮೂಗಿನಿಂದ ಬದುಕಿದ ಮನುಷ್ಯ. ಮೂಟೆಯೊಳಕ್ಕೆ ಕೈ ಹಾಕಿ ಒಂದು ಉಂಡೆ ಕೊಬ್ಬರಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸಿ, ಉಗುರಲ್ಲಿ ಕೆರೆದು ಮೂಸಿದರೆಂದರೆ ಅದು ಯಾರ ತೋಟದ್ದು, ಅಟ್ಟದ ಮೇಲೆ ಎಷ್ಟು ತಿಂಗಳಿತ್ತು, ಕಮಟು ಹತ್ತಿದೆಯೋ ಇಲ್ಲವೋ ಎಲ್ಲ ಹೇಳುತ್ತಿದ್ದರು. ಆ ಮೂಗನ್ನು ಬಿಟ್ಟರೆ ಅವರು ಇನ್ಯಾರನ್ನೂ ನಂಬಿದ್ದನ್ನು ನಾನು ಕಾಣೆ. ಅನುಮಾನದಲ್ಲಿ ನನ್ನನ್ನು ಮೀರಿಸಿದವರು ತಿಪಟೂರಿನಲ್ಲಿ ಅವರೊಬ್ಬರೇ.

ಎಪ್ಪತ್ತೊಂಬತ್ತನೇ ಇಸವಿ, ಡಿಸೆಂಬರ್ ತಿಂಗಳು. ಬೆಳಗ್ಗೆ ಏಳು ಗಂಟೆಗೆ ಕೆಂಚಪ್ಪ ಕಾರನ್ನು ಮನೆ ಹಿಂದಿನ ಶೆಡ್ಡಿನಿಂದ ಹೊರಗೆ ತೆಗೆಯುತ್ತಿದ್ದ. ಆಕ್ಸಿಲರೇಟರ್ ಒತ್ತಿದ, ಕಾಲು ತೆಗೆದ. ಆದರೆ ಇಂಜಿನ್ನಿನ ಅಬ್ಬರ ಇಳಿಯಲಿಲ್ಲ. ನಮ್ಮ ಕಡೆ ಇದಕ್ಕೆ ರೇಸ್ ಹಿಡಿದುಕೊಳ್ಳೋದು ಅನ್ನುತ್ತಾರೆ. ಕಾರು ನೆಗೆದು ಅಂಗಳದಲ್ಲಿದ್ದ ಮೂಟೆಗಳನ್ನು ಕೆಡವಿ, ಕೊಬ್ಬರಿ ಆರಿಸುತ್ತಾ ಕೂತಿದ್ದ ಹುಚ್ಚಕ್ಕನಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಅಷ್ಟರಲ್ಲಿ ಕೆಂಚಪ್ಪ ಕೀ ತಿರುಗಿಸಿ ಆಫ್ ಮಾಡಿದ್ದರಿಂದ ಆಕೆ ಉಳಿದಳು.

ಪರಮಶಿವಯ್ಯನವರು ಜಗುಲಿಯಿಂದ ಇಳಿದು ಬಂದು, ಏನಾಯಿತು ಅಂತ ಕೇಳಲಿಲ್ಲ. ಡ್ರೈವರನ ಮುಖದ ಹತ್ತಿರ ಮುಖ ತಂದು ಮೂಸಿದರು.

"ಬಾಯಿ ಬಿಡು" ಅಂದರು.

ಹದಿನಾರು ವರ್ಷದಿಂದ ಅವರ ಕಾರು ಓಡಿಸಿದ ಡ್ರೈವರ್, ಆಳುಕಾಳುಗಳೆಲ್ಲ ನೋಡುತ್ತಿರುವಾಗ ಬಾಯಿ ಬಿಟ್ಟ. ವಾಸನೆ ಇರಲಿಲ್ಲ. ಇಲ್ಲದ್ದೇ ಅವರಿಗೆ ಇನ್ನೊಂದು ಅನುಮಾನಕ್ಕೆ ದಾರಿಯಾಯಿತು. ಏನೋ ಅಗಿದು ಮುಚ್ಚಿಕೊಂಡಿದ್ದಾನೆ, ಇಲ್ಲವಾದರೆ ಆಗದವರು ಯಾರೋ ಇವನನ್ನು ತಮ್ಮ ಕಡೆಗೆ ಮಾಡಿಕೊಂಡಿದ್ದಾರೆ ಅಂದುಕೊಂಡರು. ಅವತ್ತಿನಿಂದ ಕಾರಿನ ಕೀ ಅವರ ಜೇಬಿಗೆ ಹೋಯಿತು. ದಿನಾ ಬೆಳಗ್ಗೆ ಮೊದಲು ಬಾಯಿ ಮೂಸುವುದು, ಆಮೇಲೆ ಕೀ ಕೊಡುವುದು.

ಅವತ್ತೇ ಹನ್ನೊಂದು ಗಂಟೆಗೆ ಕಾರು ನನ್ನ ಗ್ಯಾರೇಜಿಗೆ ಬಂತು. ನಾನೇ ಕೂತು ರೇಸ್ ಕೊಟ್ಟು ನೋಡಿದೆ. ಒತ್ತಿದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ರೇಸನ್ನು ವಾಪಸ್ ಎಳೆಯುವ ಕಾರ್ಬುರೇಟರಿನ ಸ್ಪ್ರಿಂಗ್ ಎಳೆದು ನೋಡಿದರೆ ಅದೂ ಸರಿಯಾಗಿತ್ತು. ಸ್ಟೀರಿಂಗ್ ನೋಡುವ ನೆಪದಲ್ಲಿ ಕೆಂಚಪ್ಪನ ಹತ್ತಿರಕ್ಕೆ ಬಾಗಿ ನಾನೂ ಒಂದು ಉಸಿರು ಎಳೆದೆ. ಹುರುಳಿಕಾಳಿನ ಸಾರಿನ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ. ನಾನು ಮಾಡಿದ್ದು ಅವನಿಗೆ ತಿಳಿಯಲಿಲ್ಲ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಈ ಸಲ ಶೆಡ್ಡಿನ ಬಾಗಿಲು ಮುರಿಯಿತು. ಮತ್ತೆ ಹನ್ನೊಂದು ಗಂಟೆಗೆ ಕಾರು ಬಂತು, ಮತ್ತೆ ಅದರಲ್ಲಿ ಏನೂ ಇಲ್ಲ. ನಾನು ಹೊಸ ಸ್ಪ್ರಿಂಗ್ ಹಾಕಿ ಕೈ ತೊಳೆದುಕೊಂಡೆ. ಏರ್ ಕ್ಲೀನರ್ ಬಿಚ್ಚಿ ನೋಡಬೇಕಿತ್ತು. ಬಿಚ್ಚಲಿಲ್ಲ. ಕೆಟ್ಟಿರುವುದು ಕಾರಲ್ಲ, ಡ್ರೈವರ್ ಅಂತ ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ.

"ಬೆಳಗ್ಗೆ ಹೊತ್ತು ಬಂದ್ ನೋಡು ಬೆಟ್ಟಸ್ವಾಮಣ್ಣ" ಅಂದ ಕೆಂಚಪ್ಪ. "ಬಿಸ್ಲೇರಿದ್ ಮ್ಯಾಲೆ ಸುಮ್ಕಾಗೋಯ್ತದೆ."

"ಕಾರಿಗೂ ಹೊತ್ತು ಗೊತ್ತಾಯ್ತದೇನಯ್ಯ?" ಅಂತ ನಗಾಡಿದೆ.

ಅವನು ನಗಲಿಲ್ಲ. "ಕೆಲ್ಸ ಹೋದ್ರೆ ಹೋಗ್ಲಿ ಕಣಣ್ಣ, ಎಲ್ಲಾದ್ರೂ ಲಾರಿ ಹೊಡ್ಕತೀನಿ. ಕುಡ್ದು ಗುದ್ದಿದ ಅನ್ನೋ ಮಾತು ಬಿಳಿಗೆರೆಗೆ ಹೋಗ್ಬಾರ್ದು. ಅಲ್ಲಿ ನಮ್ಮಪ್ಪನ್ ಹೆಸ್ರು ಇನ್ನೂ ಹಂಗೇ ಐತೆ" ಅಂದ. ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಇಷ್ಟು ಮಾತಾಡುತ್ತಾನಲ್ಲ, ಏನೋ ಇರಬೇಕು ಅಂತ ಅದಕ್ಕೂ ಅನುಮಾನ ಪಟ್ಟೆ.

ಶುಕ್ರವಾರ ಸಂಜೆ ಪರಮಶಿವಯ್ಯನವರು ಒಬ್ಬರೇ ಗ್ಯಾರೇಜಿಗೆ ಬಂದರು.

"ನೋಡಯ್ಯ, ನಾಳೆ ಮಾರ್ಕೆಟ್ ಯಾರ್ಡಿಂದ ವಾಪಸ್ ಬಂದ್ಮೇಲೆ ಅವ್ನನ್ನ ಬಿಡಿಸ್ತೀನಿ. ಸುಮ್ನೆ ಬಿಡಿಸಿದ್ರೆ ಬಿಳಿಗೆರೆಯೋರು ಬಂದು ಕೇಳ್ತಾರೆ. ಕಾರು ಸರಿಯಾಗಿದೆ, ತಪ್ಪು ಓಡಿಸೋನದು ಅಂತ ಒಂದು ಚೀಟಿ ಬರ್ಕೊಡು."

ಬರೆದೆ. ಗ್ಯಾರೇಜಿನ ಹೆಸರಿದ್ದ ಕಾಗದದ ಮೇಲೆಯೇ ಬರೆದೆ. ರಬ್ಬರ್ ಸೀಲು ಮನೆಯಲ್ಲಿತ್ತು. ಅದನ್ನು ಹಾಕಿ ಬೆಳಗ್ಗೆ ತಂದುಕೊಡುತ್ತೇನೆ ಅಂತ ಅಂಗಿ ಜೇಬಿಗೆ ಇಟ್ಟುಕೊಂಡೆ. ಬರೆಯುವ ಮೊದಲು ಎರಡನೇ ಸಲ ಯೋಚಿಸಲಿಲ್ಲ.

ಮಾರನೆಯ ದಿನ ಶನಿವಾರ, ನನಗೆ ಎಣ್ಣೆ ಸ್ನಾನದ ದಿನ. ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಎಣ್ಣೆ ಸೀಸೆಯನ್ನು ಅಂಗೈ ಮೇಲೆ ಬಗ್ಗಿಸಿದೆ. ಏನೂ ಬರಲಿಲ್ಲ. ಆ ವರ್ಷದ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಬೆಳ್ಳಗೆ ಸೀಸೆಯೊಳಗೆ ಅಂಟಿಕೊಂಡಿತ್ತು.

"ಒಂದ್ ಗಳಿಗೆ ತಡೀರಿ, ಒಲೆ ಪಕ್ಕ ಇಡ್ತೀನಿ" ಅಂತ ಶಿವರುದ್ರಮ್ಮ ಸೀಸೆ ಕಿತ್ತುಕೊಂಡಳು. "ಬಿಸ್ಲು ಬಂದಿದ್ರೆ ತಾನಾಗೇ ಕರಗಿರೋದು."

ಬಿಸಿಲು ಬಂದರೆ ತಾನಾಗೇ ಕರಗುತ್ತದೆ. ಕೆಂಚಪ್ಪ ಹೇಳಿದ್ದೂ ಅದೇ ಅಲ್ಲವೇ ಅಂತ ಆಗ ಹೊಳೆಯಿತು. ನಾನು ಎದ್ದು ಅಂಗಿ ಹಾಕಿಕೊಂಡೆ. "ಸ್ನಾನ?" ಅಂದಳು. ಅಷ್ಟರಲ್ಲಿ ಸೈಕಲ್ ಹತ್ತಿದ್ದೆ.

ಪರಮಶಿವಯ್ಯನವರ ಅಂಗಳ ತಲುಪಿದಾಗ ಇನ್ನೂ ಆರೂಮುಕ್ಕಾಲು. ಕೆಂಚಪ್ಪ ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದ. ಯಜಮಾನರು ವಿಭೂತಿ ಹಚ್ಚಿಕೊಂಡು ಜಗುಲಿ ಮೇಲೆ ಕೂತಿದ್ದರು.

"ಚೀಟಿ ತಂದ್ಯಾ?" ಅಂದರು, ಕೆಂಚಪ್ಪನ ಎದುರಿಗೇ.

ಕೆಂಚಪ್ಪ ನನ್ನ ಮುಖ ನೋಡಿದ. ನಾನು ಬಾನೆಟ್ ಎತ್ತಿದೆ.

ತಣ್ಣಗಿದ್ದ ಇಂಜಿನ್ನಿನ ಮೇಲೆ ಕಾರ್ಬುರೇಟರಿನ ಪಕ್ಕದ, ಆಕ್ಸಿಲರೇಟರಿಗೆ ಸೇರಿದ ಸಣ್ಣ ಕಡ್ಡಿಯನ್ನು ಬೆರಳಲ್ಲಿ ಎತ್ತಿ ಬಿಟ್ಟೆ. ಬಿಟ್ಟ ಕೂಡಲೇ ವಾಪಸ್ ಬೀಳಬೇಕಾದದ್ದು ಎತ್ತಿದಲ್ಲೇ ನಿಂತಿತು. ಹೊಸ ಸ್ಪ್ರಿಂಗಿಗೂ ಅದನ್ನು ಎಳೆಯಲು ಆಗಲಿಲ್ಲ. ಕೀಲುಗಳ ಸುತ್ತ ಧೂಳು, ಕೊಬ್ಬರಿ ನಾರು ಕೂಡಿಕೊಂಡು ಬಿಳಿ ಮೇಣದಂಥದ್ದು ಹೆಪ್ಪುಗಟ್ಟಿತ್ತು. ಏರ್ ಕ್ಲೀನರಿನ ಮುಚ್ಚಳ ಬಿಚ್ಚಿದೆ. ಒಳಗೆ ಹೋಗುವ ಗಾಳಿಯ ಧೂಳು ಹಿಡಿಯಲು ಅದರ ತಳದಲ್ಲಿ ಇಂಜಿನ್ ಆಯಿಲ್ ಇರಬೇಕು. ಇದರ ತಳದಲ್ಲಿ ಬೆಣ್ಣೆಯ ಹಾಗೆ ಬೆಳ್ಳಗೆ ಕೊಬ್ಬರಿ ಎಣ್ಣೆ ಕೂತಿತ್ತು. ಅದೇ ಗಾಳಿಯ ಜೊತೆ ಒಳಕ್ಕೆ ಹೋಗಿ ಕಾರ್ಬುರೇಟರಿನ ಗಂಟಲಿಗೂ ಹಿಡಿದಿತ್ತು. ರಾತ್ರಿಯ ಚಳಿಗೆ ಗಟ್ಟಿಯಾಗುವುದು, ಇಂಜಿನ್ನು ಬಿಸಿಯಾದರೆ ಕರಗಿ ಬರೀ ಒದ್ದೆಯಾಗಿ ಕಾಣುವುದು. ನಾನು ನೋಡಿದ್ದೆಲ್ಲ ಕರಗಿದ ಮೇಲೆಯೇ.

ಗೋರಿಕೊಳ್ಳಲು ಏನೂ ಸಿಗದೆ ಜೇಬಿನ ಚೀಟಿಯನ್ನೇ ಮಡಿಸಿ ಅದರಲ್ಲಿ ಒಂದಿಷ್ಟು ಬಾಚಿ, ಜಗುಲಿಗೆ ಹೋಗಿ ಪರಮಶಿವಯ್ಯನವರ ಮೂಗಿನ ಮುಂದೆ ಹಿಡಿದೆ. ಅವರು ಮೂಸಿದರು. ಕಣ್ಣು ಸಣ್ಣದು ಮಾಡಿಕೊಂಡು ಇನ್ನೊಂದು ಸಲ ಮೂಸಿದರು.

"ಇದು ನಮ್ಮನೆ ಎಣ್ಣೆ" ಅಂದರು. "ನಮ್ಮ ಹಳೇ ತೋಟದ ಕೊಬ್ಬರಿದು. ನೋಡ್ದೇನಯ್ಯ, ಮನೆ ಎಣ್ಣೆ ಕದ್ದು ನನ್ನ ಕಾರಿಗೆ ಹಾಕವ್ನೆ. ನನ್ನ ಕೊಲ್ಲಕ್ಕೆ ಹಾಕವ್ನೆ."

ನಿಜ ಹೇಳುತ್ತೇನೆ, ಒಂದು ಗಳಿಗೆ ನಾನೂ ಕೆಂಚಪ್ಪನ ಕಡೆ ಹಾಗೇ ನೋಡಿದೆ.

ಅಷ್ಟರಲ್ಲಿ ಯಜಮಾನರ ಹೆಂಡತಿ ವಿಮಲಮ್ಮ ಕಾಫಿ ತಂದವರು ಕಾಗದದ ಕಡೆ ಬಗ್ಗಿ ನೋಡಿದರು. ಬಿಳಿ ಎಣ್ಣೆಯೊಳಗೆ ದಾರದಂಥ ಒಂದು ಬೇರಿನ ಎಳೆ ಇತ್ತು.

"ಇದು ನಾನು ಎಣ್ಣೆ ಡಬ್ಬಕ್ಕೆ ಹಾಕೋ ಲಾವಂಚ ಅಲ್ವೇನ್ರೀ? ಆಯುಧಪೂಜೆ ದಿವ್ಸ ಕುಡುಗೋಲು, ಮಚ್ಚು, ಕಾಯಿ ಸುಲಿಯೋ ಹಾರೆಗೆಲ್ಲ ಸವರಬೇಕು ಅಂತ ಡಬ್ಬನೇ ಎತ್ಕೊಂಡು ಹೋದ್ರಿ. ವಾಪಸ್ ತರುವಾಗ ಖಾಲಿಯಾಗಿತ್ತು. ಇಷ್ಟೊಂದು ಎಣ್ಣೆ ಎಲ್ ಹೋಯ್ತು ಅಂತ ನಾನು ಕೇಳಿರ್ಲಿಲ್ವೇ?"

ಪರಮಶಿವಯ್ಯನವರು ಕಾಫಿ ಲೋಟ ತೆಗೆದುಕೊಳ್ಳಲಿಲ್ಲ. ಈ ಸಲ ಅವರೇ ಬಾಯಿ ಬಿಟ್ಟರು.

"ನಾನೇ ಹಾಕ್ದೆ. ಏರ್ ಕ್ಲೀನರಿನ ಆಯಿಲ್ ಬದ್ಲಾಯಿಸ್ಬೇಕು ಅಂತ ಅವ್ನು ಹೇಳ್ತಿದ್ದ. ನೀನೂ ಅವ್ನೂ ಸೇರ್ಕೊಂಡು ಹೇಳ್ತಿದೀರ ಅನ್ನಿಸ್ತು. ಡಬ್ಬದ ಆಯಿಲ್ ಎಲ್ಲ ಕಲಬೆರಕೆ. ಮನೇಲಿ ಚೊಕ್ಕ ಎಣ್ಣೆ ಇರುವಾಗ ಯಾಕೆ ಅಂತ ಹಬ್ಬದ ದಿವ್ಸ ಹಾರೆ ಜೊತೆಗೆ ಇದರ ಕೀಲಿಗೂ ನಾನೇ ಸವರಿ, ಕ್ಲೀನರಿಗೂ ನಾನೇ ತುಂಬಿಸ್ದೆ."

ನವರಾತ್ರಿಯಲ್ಲಿ ಹಾಕಿದ ಎಣ್ಣೆ, ಸೆಕೆ ಇರುವ ತನಕ ಸುಮ್ಮನಿತ್ತು. ಚಳಿ ಬಿದ್ದ ಮೇಲೆ ಆಟ ಶುರು ಮಾಡಿತ್ತು. ಕಬ್ಬಿಣ ಅಂದರೆ ಕೊಬ್ಬರಿ ಎಣ್ಣೆ ಸವರಬೇಕು ಅನ್ನುವುದು ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಕೈಗೆ ಬಂದುಬಿಟ್ಟ ಬುದ್ಧಿ. ಅದಕ್ಕಾಗಿ ಅವರನ್ನು ನಾನು ಬೈಯಲಾರೆ. ಬೈಯಬೇಕಾದ್ದು ಬೇರೆ ಇತ್ತು, ಅದರಲ್ಲಿ ನನ್ನ ಪಾಲೂ ಇತ್ತು.

ಕೆಲಸಕ್ಕೆ ಕೂತೆ. ಕಾರ್ಬುರೇಟರ್ ಇಳಿಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಪೆಟ್ರೋಲು ಹಾಕಿ ಉಜ್ಜಿದೆ. ಗಂಟಲೊಳಗಿನ ತಗಡಿನ ಬಿಲ್ಲೆಯನ್ನು ಬಟ್ಟೆಯಲ್ಲಿ ಒರೆಸಿ, ಅದರ ಕೀಲು ಸಲೀಸಾಗಿ ತಿರುಗುವ ತನಕ ಆಡಿಸಿದೆ. ಸಣ್ಣ ತೂತುಗಳನ್ನು ಬಾಯಲ್ಲಿ ಊದಿದೆ. ಏರ್ ಕ್ಲೀನರಿನ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು, ಗುರುತಿನ ತನಕ ಇಂಜಿನ್ ಆಯಿಲ್ ಹಾಕಿದೆ. ಕೆಂಚಪ್ಪ ಎದುರು ಕೂತು ಒಂದೊಂದೇ ಸಾಮಾನು ಒರೆಸಿ ಕೊಡುತ್ತಿದ್ದ. ನನ್ನ ಮುಖ ಮಾತ್ರ ನೋಡಲಿಲ್ಲ. ಯಜಮಾನರಿಂದ ಕೀ ಇಸಿದುಕೊಂಡು ಕಾರು ಸ್ಟಾರ್ಟ್ ಮಾಡಿದೆ. ಒತ್ತಿದರೆ ಏರಿತು, ಬಿಟ್ಟ ಕೂಡಲೇ ಇಳಿದು ಮೆಲ್ಲಗೆ ಓಡತೊಡಗಿತು. ಆಫ್ ಮಾಡಿ, ಕೀ ಕಿತ್ತು ಯಜಮಾನರ ಕೈಗೆ ಕೊಟ್ಟೆ.

ಪರಮಶಿವಯ್ಯನವರು ಅದನ್ನು ಕೆಂಚಪ್ಪನ ಕಡೆ ಚಾಚಿದರು. "ತಗೊಳ್ಳಪ್ಪ. ಇನ್ಮೇಲೆ ನಿನ್ನ ಹತ್ರನೇ ಇರ್ಲಿ. ಹೊತ್ತಾಯ್ತು, ಯಾರ್ಡಿಗೆ ಹೋಗಣ."

ಕೆಂಚಪ್ಪ ಕೈ ಚಾಚಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಅವರ ಎತ್ತರಕ್ಕೆ ಸ್ವಲ್ಪ ಬಗ್ಗಿ, ಬಾಯಿ ಅಗಲಿಸಿ ನಿಂತ. ಅಂಗಳದಲ್ಲಿ ಹುಚ್ಚಕ್ಕ ಕೊಬ್ಬರಿ ಆರಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಮೂಸಿ ಯಜಮಾನ್ರೇ" ಅಂದ. "ಮೂಸಿ ಆಮ್ಯಾಲೆ ಕೊಡಿ."

ಪರಮಶಿವಯ್ಯನವರ ಕೈ ಹಾಗೇ ನಿಂತಿತ್ತು. "ಬುಡಪ್ಪ ಕೆಂಚಪ್ಪ, ಆಗಿದ್ದಾಯ್ತು" ಅಂತ ಆ ಕೈಯಿಂದ ಕೀ ತೆಗೆದು ಅವನ ಮುಂದೆ ನಾನು ಹಿಡಿದೆ. ಆಗ ಅವನು ನನ್ನ ಕಡೆ ತಿರುಗಿದ. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ.

"ನೀನೂ ಮೂಸ್ಬುಡು ಬೆಟ್ಟಸ್ವಾಮಣ್ಣ. ಅವತ್ತು ಸ್ಟೀರಿಂಗ್ ನೋಡೋವಾಗ ನಿಂಗೆ ಸರಿಯಾಗಿ ಸಿಕ್ಲಿಲ್ಲ."