ಪಕ್ಕದ ಸ್ಟೂಲಿನಿಂದ ಕಾಣುವ ಬಣ್ಣ

ನನ್ನದು ಕಂಪ್ಯೂಟರ್ ಸಾಮಾನಿನ ಅಂಗಡಿ. ರಸ್ತೆಯ ಆಚೆ ಬದಿ, ನೇರ ಎದುರಿಗೆ, ಟಚಿಂಗ್ ಅಣ್ಣನ ಸ್ಟುಡಿಯೋ. ಹಳೆಯ ಫೋಟೋಗಳ ಹರಿದ ಮೂಲೆ, ಬಿಳಿಚಿಕೊಂಡ ಕಣ್ಣು, ಹುಳ ತಿಂದ ಕಿವಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಿದ್ದಿ ಮತ್ತೆ ಮನುಷ್ಯರನ್ನಾಗಿ ಮಾಡುವುದು ಅವರ ಕಸುಬು. ಅದಕ್ಕೇ ರಸ್ತೆಯವರೆಲ್ಲ ಟಚಿಂಗ್ ಅಣ್ಣ ಅನ್ನುವುದು. ಹದಿನಾಲ್ಕು ವರ್ಷ ಎದುರುಬದುರು ಕೂತು ವ್ಯಾಪಾರ ಮಾಡಿದ್ದೇವೆ. ಅವರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡಿದ್ದೆ. ನನ್ನ ತಲೆ! ಮುಖ್ಯವಾದದ್ದೇ ಗೊತ್ತಿರಲಿಲ್ಲ.

ಸ್ಟುಡಿಯೋ ಅಂದರೆ ಉದ್ದನೆಯ ಒಂದು ಕೋಣೆ. ಮುಂದೆ ಗಾಜಿನ ಕೌಂಟರು, ಹಿಂದೆ ಪಾಸ್‌ಪೋರ್ಟ್ ಫೋಟೋ ತೆಗೆಯಲು ತೂಗುಹಾಕಿದ ನೀಲಿ ಬಟ್ಟೆ, ಮಧ್ಯದಲ್ಲಿ ಅವರ ಮೇಜು. ಮೇಜಿನ ಎಡಕ್ಕೆ ಒಂದು ಮರದ ಸ್ಟೂಲು. ಅವರ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ, ಇದ್ದಷ್ಟು ದಿನ ಅದರ ಮೇಲೇ ಕೂರುತ್ತಿದ್ದರು. ಪ್ರಿಂಟುಗಳ ಅಂಚು ಕತ್ತರಿಸಿ ಕವರಿಗೆ ಹಾಕುತ್ತಲೇ ಸ್ಕ್ರೀನಿನ ಕಡೆ ಕತ್ತು ಹೊರಳಿಸಿ ಒಮ್ಮೆ "ಊಂ" ಅನ್ನುವರು, ಒಮ್ಮೆ "ಊಂಹೂಂ" ಅನ್ನುವರು. ಮಕ್ಕಳಿಲ್ಲದ ಇಬ್ಬರ ನಡುವೆ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿದ್ದ ಮಾತುಕತೆ ಅಷ್ಟೇ. ಇವರಿಗೆ ಬೇಜಾರಾಗಲ್ವಾ ಅಂತ ನಾನು ಕೌಂಟರಿನ ಹಿಂದೆ ಕೂತು ಅಂದುಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ಅತ್ತಿಗೆ ತೀರಿಹೋದರು. ವಾರ ಕಳೆದು ಅಣ್ಣ ಅಂಗಡಿ ತೆರೆದರು, ಆದರೆ ಫೋಟೋಗೆ ಬಣ್ಣ ಹಾಕುವ ಕೆಲಸ ಪೂರ್ತಿ ಬಿಟ್ಟರು. ಯಾರಾದರೂ ಹಳೇ ಕಪ್ಪುಬಿಳುಪು ಫೋಟೋ ತಂದು ಕಲರ್ ಮಾಡಿಕೊಡಿ ಅಂದರೆ, "ಕಪ್ಪುಬಿಳುಪೇ ಚೆನ್ನ, ಬಣ್ಣ ಹಾಕಿದ್ರೆ ಗಾಂಭೀರ್ಯ ಹೋಗುತ್ತೆ" ಅಂತ ವಾಪಸ್ ಕಳಿಸುವರು. ಬಿರುಕು ಮುಚ್ಚುವುದು, ಪಾಸ್‌ಪೋರ್ಟ್ ಫೋಟೋ, ಅಷ್ಟೇ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. "ಮನೆ ಬಾಗಿಲಿಗೆ ಬಂದ ಕೆಲಸಾನ ಒದ್ದು ಕಳಿಸ್ತೀರಲ್ಲ ಅಣ್ಣ, ಏನು ಜಂಬ ನಿಮ್ಮದು!" ಎಂದು ಮುಖದ ಮೇಲೇ ಅಂದಿದ್ದೇನೆ. ಅವರು ನಕ್ಕುಬಿಡುತ್ತಿದ್ದರು. ದಿನಾ ಬೆಳಿಗ್ಗೆ ಮೇಜು ಒರೆಸುವಾಗ ಸ್ಟೂಲನ್ನೂ ಒರೆಸುತ್ತಿದ್ದರು. ಅದರ ಮೇಲೆ ಒಂದು ಕವರನ್ನೂ ಇಡುತ್ತಿರಲಿಲ್ಲ.

ಹೀಗಿರುವಾಗ ಅವರ ಹಳೇ ಮಾನಿಟರು ಕಣ್ಣು ಮುಚ್ಚಿತು. ಅಣ್ಣ ಅದರ ಅಳತೆಗೆ ಕತ್ತರಿಸಿದ ರಟ್ಟಿನ ತುಂಡು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಅವರ ಕೈಗೆಟಕುವ ದರದಲ್ಲಿ ಎರಡು ಇದ್ದವು, ಎರಡಕ್ಕೂ ಒಂದೇ ಬೆಲೆ. ಒಂದು ಇಪ್ಪತ್ತೇಳು ಇಂಚಿನದು, ಬಾಗಿಲಿನ ಹಾಗೆ ಅಗಲ, ಚಿತ್ರ ಮೂಡಿಸುವ ಪ್ಯಾನೆಲ್ಲು ಮಾತ್ರ ಸಾಧಾರಣ. ಇನ್ನೊಂದು ಇಪ್ಪತ್ತೆರಡು ಇಂಚು, ನೋಡಲು ಪುಟ್ಟದು, ಆದರೆ ಪ್ಯಾನೆಲ್ಲು ಅಪ್ಪಟ. ಎರಡರಲ್ಲೂ ಒಂದೇ ಚಿತ್ರ ಹಾಕಿ ತೋರಿಸಿದೆ.

"ನೋಡಿ ಅಣ್ಣ, ದೊಡ್ಡದರಲ್ಲಿ ನೇರ ಕೂತು ನೋಡಿದ್ರೆ ಬಣ್ಣ ಪರವಾಗಿಲ್ಲ. ಪಕ್ಕದಿಂದ ನೋಡಿದ್ರೆ ಬೇರೆ ಥರ ಕಾಣುತ್ತೆ. ಚಿಕ್ಕದರಲ್ಲಿ ಯಾವ ಕಡೆಯಿಂದ ನೋಡಿದ್ರೂ ಒಂದೇ. ನಿಮ್ಮ ಕೆಲಸಕ್ಕೆ ಚಿಕ್ಕದೇ ಸರಿ."

"ನನ್ನ ಕಣ್ಣು ಮೊದಲಿನ ಹಾಗಿಲ್ಲ ಕಣಮ್ಮ. ಸಣ್ಣ ಬಿರುಕು ಕಾಣೋದೇ ಇಲ್ಲ. ದೊಡ್ಡದಾದ್ರೆ ಆರಾಮು."

"ಒಬ್ಬರೇ ನೋಡೋದಾದ್ರೆ ದೊಡ್ಡದು ತಗೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡೋದಿದ್ರೆ ಮಾತ್ರ ಬೇಡ."

ಅಣ್ಣ ಕೈಯಲ್ಲಿದ್ದ ರಟ್ಟನ್ನು ಒಮ್ಮೆ ಮಡಿಸಿ ಬಿಚ್ಚಿದರು. "ಪಕ್ಕದಲ್ಲಿ ಯಾರಿದ್ದಾರಮ್ಮ ಈಗ," ಎಂದರು. "ದೊಡ್ಡದೇ ಕೊಡು."

ಕೊಟ್ಟೆ. ನಾನೇ ಹೊತ್ತುಕೊಂಡು ಹೋಗಿ ಜೋಡಿಸಿ, ವೈರು ಸಿಕ್ಕಿಸಿ ಬಂದೆ.

ಆರು ತಿಂಗಳು ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಿವೃತ್ತ ಟೀಚರೊಬ್ಬರು ನನ್ನ ಅಂಗಡಿಗೆ ಬಂದು, ಹಳೇ ಫೋಟೋಗೆ ಬಣ್ಣ ಹಾಕುವವರು ಇಲ್ಲಿ ಯಾರೋ ಇದ್ದಾರಂತಲ್ಲ ಎಂದು ವಿಚಾರಿಸಿದರು. ಪುಸ್ತಕದೊಳಗೆ ಇಟ್ಟು ತಂದಿದ್ದ ಫೋಟೋದಲ್ಲಿ ಅವರ ಅಕ್ಕ, ಇಪ್ಪತ್ತರ ವಯಸ್ಸು, ನಗು ತಡೆದುಕೊಂಡು ನಿಂತಿದ್ದರು. ಅಣ್ಣ ಒಲ್ಲೆ ಅನ್ನುವುದು ನನಗೆ ಗೊತ್ತಿತ್ತು. ಆದರೂ ಮೂಗು ತೂರಿಸದಿದ್ದರೆ ನಾನು ನಾನೇ ಅಲ್ಲ. ಟೀಚರನ್ನು ಕರೆದುಕೊಂಡೇ ರಸ್ತೆ ದಾಟಿದೆ.

ಅಣ್ಣ ಗಾಂಭೀರ್ಯದ ರಾಗ ತೆಗೆದರು. "ಸಾಕು ಮಾಡಿ ಅಣ್ಣ!" ಎಂದು ನಾನು ರೇಗಿದೆ. ಟೀಚರು ಮಾತ್ರ ಮೆಲ್ಲಗೆ ಹೇಳಿದರು: "ನಮ್ಮಕ್ಕ ಯಾವ ಬಣ್ಣ ಇದ್ಲು ಅಂತ ನೆನಪಿರೋದು ಈಗ ನನಗೊಬ್ಬಳಿಗೇ ಕಣ್ರೀ. ನಾನು ಹೋದ್ರೆ ಅದೂ ಹೋಯ್ತು."

ಅಣ್ಣ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಪಕ್ಕದಲ್ಲಿ ಕೂತು ಹೇಳ್ತೀರಾ? ಜಾಸ್ತಿ, ಕಮ್ಮಿ, ಸಾಕು ಅಂತ. ಅಷ್ಟು ಹೇಳಿದ್ರೆ ಮಾಡ್ತೀನಿ."

ಟೀಚರು ಸ್ಟೂಲಿನ ಮೇಲೆ ಕೂತರು.

ಮೂರು ಮಧ್ಯಾಹ್ನ ಅವರು ಬಂದರು. ನಾನು ನನ್ನ ಕೌಂಟರಿನಿಂದಲೇ ನೋಡುತ್ತಿದ್ದೆ. ಅಣ್ಣ ಗಡ್ಡ ಬೋಳಿಸಿದ್ದರು. ಎರಡು ಲೋಟ ಟೀ ತರಿಸುತ್ತಿದ್ದರು. ಟೀಚರು ಏನೋ ಹೇಳುವುದು, ಅಣ್ಣ ಗುಂಡಿ ಒತ್ತುವುದು, ಇಬ್ಬರೂ ಸ್ಕ್ರೀನು ನೋಡುವುದು. ಒಮ್ಮೆ ಅಣ್ಣ ನಕ್ಕಿದ್ದು ರಸ್ತೆಯ ಈಚೆಗೂ ಕೇಳಿಸಿತು. ಅಂತೂ ಮನುಷ್ಯ ಮತ್ತೆ ಉಸಿರಾಡುತ್ತಿದ್ದಾನೆ ಎಂದು ನನಗೆ ಖುಷಿಯೋ ಖುಷಿ. ಎಲ್ಲ ನನ್ನಿಂದಲೇ ಆದದ್ದು ಅಂತ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕನೇ ದಿನ ಪ್ರಿಂಟು ಬಂತು. ದೊಡ್ಡ ಅಳತೆಯದು. ನನಗೂ ನೋಡುವ ಆಸೆ, ಹೋಗಿ ನಿಂತೆ. ಅಣ್ಣ ಎರಡೂ ಕೈಯಲ್ಲಿ ಹಿಡಿದು ಟೀಚರಿಗೆ ಕೊಟ್ಟರು. ಟೀಚರು ನೋಡಿದರು, ಮುಖ ಸಪ್ಪಗಾಯಿತು.

"ಇದೇನ್ರೀ ಇದು! ನಮ್ಮಕ್ಕ ಕುಡಿದು ನಿಂತವಳ ಹಾಗೆ ಕಾಣ್ತಾಳಲ್ರೀ!"

ನಾನೂ ಬಗ್ಗಿ ನೋಡಿದೆ. ಮುಖ ಸುಟ್ಟ ಇಟ್ಟಿಗೆಯಷ್ಟು ಕೆಂಪಗಿತ್ತು, ಕತ್ತು, ಕೈ ಕೂಡ. ಅಣ್ಣ ಮಾತ್ರ ಒಮ್ಮೆ ಪ್ರಿಂಟು, ಒಮ್ಮೆ ನಮ್ಮ ಮುಖ ನೋಡುತ್ತಿದ್ದರು.

"ಯಾಕೆ, ಏನಾಗಿದೆ?" ಎಂದರು.

"ಏನಾಗಿದೆ ಅಂತ ನನ್ನನ್ನು ಕೇಳ್ತೀರಾ? ಕಣ್ಣು ಕಾಣಲ್ವಾ ನಿಮಗೆ?" ಟೀಚರು ಪ್ರಿಂಟನ್ನು ಕೌಂಟರಿನ ಮೇಲೆ ಬಿಟ್ಟು, ಹಳೇ ಫೋಟೋ ಮಾತ್ರ ಪುಸ್ತಕದೊಳಗೆ ಸೇರಿಸಿಕೊಂಡು ಹೊರಟೇಹೋದರು. ಅಣ್ಣ ನನ್ನ ಕಡೆ ನೋಡದೆ ಷಟರು ಎಳೆದರು.

ಮರುದಿನ ಷಟರು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ನಾನು ಹೋಗಿ ದಬದಬ ಬಡಿದೆ. "ಅಣ್ಣ, ತೆಗೀತೀರೋ ಬೀಗದವನನ್ನ ಕರೆಸಲೋ?" ಷಟರು ಅರ್ಧ ಎದ್ದಿತು. ಬಗ್ಗಿ ಒಳಗೆ ಹೋದೆ. ಆ ಮೂರು ದಿನದ ಗಡ್ಡ, ಅದೇ ಅಂಗಿ. ಸ್ಕ್ರೀನಿನ ಮೇಲೆ ಟೀಚರ ಅಕ್ಕ.

"ಅಂಗಡಿ ಮುಚ್ತೀನಿ ಕಣಮ್ಮ," ಎಂದರು.

"ಒಂದು ಪ್ರಿಂಟು ಕೆಟ್ಟಿದ್ದಕ್ಕಾ?"

"ನನಗೆ ಹುಟ್ಟಿದಾಗಿನಿಂದ ಕೆಂಪು, ಹಸಿರು ಬೇರೆ ಬೇರೆ ಕಾಣಲ್ಲ. ಎರಡೂ ಒಂದೇ ಥರ, ಮಣ್ಣಿನ ಹಾಗೆ. ಆ ಪ್ರಿಂಟಲ್ಲಿ ಏನು ತಪ್ಪಿದೆ ಅಂತ ಈಗಲೂ ನನಗೆ ಗೊತ್ತಿಲ್ಲ."

ಹದಿನಾಲ್ಕು ವರ್ಷ! ಈ ರಸ್ತೆಯ ಅರ್ಧ ಮನೆಗಳ ಗೋಡೆಯಲ್ಲಿ ಇವರು ಬಣ್ಣ ಹಾಕಿದ ಫೋಟೋಗಳಿವೆ.

"ಮತ್ತೆ ಅವೆಲ್ಲ?"

"ಎಲ್ಲ ಅವಳದು. ಇಲ್ಲಿ ಕೂತು ಊಂ ಅಂದ್ರೆ ಸಾಕು, ಊಂಹೂಂ ಅಂದ್ರೆ ಇನ್ನೂ ತಿದ್ದಬೇಕು. ನನ್ನ ಕೈ, ಅವಳ ಕಣ್ಣು. ಯಾರಿಗೂ ಗೊತ್ತಾಗ್ಲಿಲ್ಲ. ಈಗ ಬೇರೆಯವರ ಕಣ್ಣಿಂದ ಮಾಡಬಹುದಾ ಅಂತ ಒಂದು ಸಲ ಆಸೆ ಪಟ್ಟೆ. ಆಗಲ್ಲ ಅಂತ ಗೊತ್ತಾಯ್ತಲ್ಲ. ಬಿಡು."

ಜಂಬ ಅಂದಿದ್ದೆನಲ್ಲ ನಾನು, ಆ ಮಾತು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಣ್ಣು ಒರೆಸಿಕೊಂಡು ಸ್ಕ್ರೀನು ನೋಡುತ್ತೇನೆ, ಟೀಚರ ಅಕ್ಕನ ಮುಖ ಎಷ್ಟು ಚೆನ್ನಾಗಿದೆ! ಎಳೆ ಗೋಧಿ ಬಣ್ಣ, ಕೆನ್ನೆಯಲ್ಲಿ ಒಂದಿಷ್ಟೇ ರಂಗು. ಎದ್ದು ಅಣ್ಣನ ಕುರ್ಚಿಯ ಹಿಂದೆ ನಿಂತೆ. ಇಟ್ಟಿಗೆ ಕೆಂಪು. ಮತ್ತೆ ಸ್ಟೂಲು, ಗೋಧಿ. ಮತ್ತೆ ಕುರ್ಚಿ, ಇಟ್ಟಿಗೆ.

"ಏನಮ್ಮ, ಹಾಗೆ ಓಡಾಡ್ತೀಯ?"

"ಅಯ್ಯೋ ಅಣ್ಣ, ಕೆಟ್ಟದ್ದು ನೀವೂ ಅಲ್ಲ, ಟೀಚರೂ ಅಲ್ಲ! ಈ ಹಾಳು ಪ್ಯಾನೆಲ್ಲು! ಪಕ್ಕದಲ್ಲಿ ಕೂತವರಿಗೆ ಇದು ಕೆಂಪನ್ನು ನುಂಗಿ ತೋರಿಸುತ್ತೆ. ಅವರು ಕಮ್ಮಿ ಇದೆ ಅಂದ್ರು, ನೀವು ಹಾಕ್ತಾ ಹೋದ್ರಿ. ನಿಮ್ಮ ಜಾಗದಲ್ಲಿ ಬೇರೆ ಯಾರಾದ್ರೂ ನೇರ ಕೂತಿದ್ರೆ ತಕ್ಷಣ ಗೊತ್ತಾಗ್ತಿತ್ತು."

ಹೇಳುತ್ತ ಹೇಳುತ್ತಲೇ ನನ್ನ ಮಾತು ನನಗೇ ಚುಚ್ಚಿತು. ಒಬ್ಬರೇ ನೋಡೋದಾದ್ರೆ ದೊಡ್ಡದು ತಗೊಳ್ಳಿ ಅಂದವಳೂ ನಾನೇ, ಟೀಚರನ್ನು ಎಳೆದು ತಂದು ಪಕ್ಕದಲ್ಲಿ ಕೂರಿಸಿದವಳೂ ನಾನೇ.

ಅದೇ ಗಳಿಗೆ ರಸ್ತೆ ದಾಟಿ ಚಿಕ್ಕದನ್ನು ತಂದು ಜೋಡಿಸಿದೆ. ದೊಡ್ಡದನ್ನು ಕಿತ್ತು ನೆಲದ ಮೇಲೆ ಇಟ್ಟೆ. ಅಣ್ಣ ಕುರ್ಚಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದರು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. ಬೆನ್ನು ಎಷ್ಟು ನೋಯುತ್ತದೋ ಎಂದು ನನಗೇ ಸಂಕಟವಾಯಿತು.

"ಕಾಣುತ್ತಾ ಅಣ್ಣ? ಕಷ್ಟ ಆದ್ರೆ ಬೇಡ, ನೋಡೋಣ ಬೇರೆ ಏನಾದ್ರೂ."

"ಇದೇ ಇರಲಿ. ನನಗೆ ಕಾಣದಿದ್ರೆ ಬಗ್ಗಿ ನೋಡ್ತೀನಿ, ಭೂತಗನ್ನಡಿ ಇಟ್ಕೋತೀನಿ. ಪಕ್ಕದವರಿಗೆ ಕಾಣದಿದ್ರೆ ನಾನೇನಮ್ಮ ಮಾಡಲಿ?"

ಟೀಚರ ಮನೆಗೆ ನಾನೇ ಹೋದೆ. ತಪ್ಪು ನನ್ನದು, ನಾನು ಕೊಟ್ಟ ಮಾನಿಟರಿನದು ಎಂದು ವಿವರಿಸಿ ಹೇಳಿದೆ. ಅಣ್ಣನ ಕಣ್ಣಿನ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡೆ, ಜೀವಮಾನದಲ್ಲಿ ಮೊದಲ ಸಲ. ಟೀಚರು ಮೊದಲು ಬಿಗಿಯಾಗಿದ್ದರು, ಆಮೇಲೆ ಬಂದರು. ಸ್ಟೂಲಿನ ಮೇಲೆ ಕೂತು, ಕಮ್ಮಿ, ಇನ್ನೂ ಕಮ್ಮಿ, ಸಾಕು ಎಂದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಸಂಜೆ ಪ್ರಿಂಟು ಕೈಗೆ ಬಂದಾಗ ಅದನ್ನು ನೋಡಿ, "ಅಕ್ಕಾ" ಎಂದು ಕರೆದರು, ಎದುರಿಗಿದ್ದವರನ್ನು ಕರೆದ ಹಾಗೆ. ಪುಸ್ತಕದೊಳಗೆ ಹಿಡಿಸದ್ದರಿಂದ ಎದೆಗೆ ಒತ್ತಿಕೊಂಡು ಮನೆಗೆ ಹೋದರು. ಅವರ ಕೆಲಸ ಮುಗಿದಿತ್ತು, ಮತ್ತೆ ಬರುವ ಕಾರಣವಿರಲಿಲ್ಲ.

ಟೀ ಲೋಟ ಎರಡೂ ಮೇಜಿನ ಮೇಲೇ ಇದ್ದವು. ನಾನು ಹೊರಡಲು ತಿರುಗಿದೆ.

"ಒಂದು ನಿಮಿಷ ಕೂತ್ಕೊಳಮ್ಮ," ಎಂದರು ಅಣ್ಣ.

ಕೂತೆ. ಅವರು ಇನ್ನೊಂದು ಫೋಟೋ ತೆರೆದರು. ಕಪ್ಪುಬಿಳುಪು. ಪಾರ್ಕಿನ ಬೆಂಚು, ಅದರ ಮೇಲೆ ಅತ್ತಿಗೆ, ಇನ್ನೂ ಚಿಕ್ಕ ವಯಸ್ಸು, ಮೈತುಂಬ ಸ್ವೆಟರು, ಕೈಗಳನ್ನು ತೋಳಿನೊಳಗೆ ಎಳೆದುಕೊಂಡಿದ್ದಾರೆ. ಒಂದು ಬಿರುಕೂ ಉಳಿದಿರಲಿಲ್ಲ, ಎಷ್ಟು ಸಲ ತಿದ್ದಿದ್ದರೋ.

"ನಾನೇ ತೆಗೆದದ್ದು. ನೀನು ಈ ರಸ್ತೆಗೆ ಬರೋದಕ್ಕೆ ಎಷ್ಟೋ ವರ್ಷ ಮುಂಚೆ. ಆ ಚಳಿಗಾಲ ಪೂರ್ತಿ ಈ ಸ್ಟೂಲ್ ಮೇಲೆ ಕೂತು ಈ ಸ್ವೆಟರ್ ಹೆಣೆದಳು. ದಿನಾ ನನ್ನ ಕಣ್ಣೆದುರಿಗೆ. ಊರವರ ಫೋಟೋದ ಬಣ್ಣ ಎಲ್ಲ ಅವಳನ್ನ ಕೇಳಿದೀನಿ. ಇದೊಂದು ಕೇಳಲೇ ಇಲ್ಲ. ಸ್ವೆಟರ್ ಎಂದೋ ಹರಿದುಹೋಯ್ತು." ಅಣ್ಣ ಕತ್ತನ್ನು ಎಡಕ್ಕೆ, ನನ್ನ ಕಡೆ ಹೊರಳಿಸಿದರು. "ಇದು ಯಾವ ಬಣ್ಣ ಇದ್ದಿರಬಹುದಮ್ಮ?"

ಸ್ಕ್ರೀನಿನಲ್ಲಿ ಸ್ವೆಟರು ಬೂದಿಯ ಬಣ್ಣವಿತ್ತು. ಯಾವ ಕಡೆಯಿಂದ ನೋಡಿದರೂ ಅಷ್ಟೇ. ಕೆಂಪು ಅಂದರೂ ಅಣ್ಣ ನಂಬುತ್ತಿದ್ದರು, ಹಸಿರು ಅಂದರೂ ನಂಬುತ್ತಿದ್ದರು, ನಾನು ಹೇಳಿದ್ದನ್ನು ಹಾಕಿ ಸಾಯುವವರೆಗೆ ಅದನ್ನೇ ನೋಡುತ್ತ ಕೂರುತ್ತಿದ್ದರು. ಒಂದು ಬಣ್ಣ ನನ್ನ ನಾಲಿಗೆಯ ತುದಿಗೆ ಬಂದೂಬಿಟ್ಟಿತ್ತು. ಎಲ್ಲದಕ್ಕೂ ಬಾಯಿ ಹಾಕುವವಳು ನಾನು.

"ಗೊತ್ತಿಲ್ಲ ಅಣ್ಣ," ಎಂದೆ.

"ಹೌದು," ಎಂದರು ಅವರು. "ನಿನಗೆ ಹೇಗೆ ಗೊತ್ತಿರುತ್ತೆ." ಆಮೇಲೆ ಭೂತಗನ್ನಡಿ ತೆಗೆದುಕೊಂಡು, ಬೆಂಚಿನ ಒಂದು ಮೂಲೆಯಲ್ಲಿ ನನ್ನ ಕಣ್ಣಿಗೆ ಕಾಣದ ಏನನ್ನೋ ತಿದ್ದತೊಡಗಿದರು.