ಪಾತ್ರೆ ಮಾವನೂ ಅನಾಮಣ್ಣನೂ

ಹೊಸ ಹಿತ್ತಾಳೆ ಪಾತ್ರೆಗೆ ಒಂದು ವಾಸನೆ ಇರುತ್ತದೆ. ಒಣಹುಲ್ಲು, ಹಳೇ ಪೇಪರು, ಬೆವರಿದ ಕೈಯಲ್ಲಿ ಹಿಡಿದ ಚಿಲ್ಲರೆ ಕಾಸು, ಮೂರೂ ಸೇರಿದ ಹಾಗೆ. ಮೊನ್ನೆ ಹುಣಸೂರಿನಲ್ಲಿ ನಮ್ಮ ಪಕ್ಕದ ಬೀದಿಯವರ ಗೃಹಪ್ರವೇಶಕ್ಕೆ ಹೋಗಿದ್ದಾಗ ತಾಂಬೂಲದ ಜೊತೆಗೆ ಪೇಪರಿನಲ್ಲಿ ಸುತ್ತಿದ ಒಂದು ಪುಟ್ಟ ಬಟ್ಟಲು ಕೊಟ್ಟರು. ಬಿಚ್ಚುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಪಕ್ಕದ ಕುರ್ಚಿಯಲ್ಲಿದ್ದವರು ಯಾವ ಷೇರು ತಗೊಂಡರೆ ಉದ್ಧಾರವಾಗುತ್ತೇವೆಂದು ಫೋನಿನಲ್ಲಿ ಯಾರೋ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಒಂದು ಕಡೆ ಆ ವಾಸನೆ, ಇನ್ನೊಂದು ಕಡೆ ಈ ಮಾತು... ಪಾತ್ರೆ ಮಾವ ನೆನಪಾಗದೆ ಇರುತ್ತಾರೆಯೇ?

ಆಗ ನಾನು ಕೆ.ಆರ್. ನಗರದ ಬಜಾರ್ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೆ. ಒಂದು ಜೆರಾಕ್ಸ್ ಮೆಷಿನ್ನು, ಒಂದು ಕಂಪ್ಯೂಟರು, ಮನಸ್ಸು ಬಂದಾಗ ಬರುವ ಇಂಟರ್‌ನೆಟ್ಟು. ಪಕ್ಕದ್ದೇ ಮಾವನ ಪಾತ್ರೆ ಅಂಗಡಿ. ಸಂಬಂಧದಲ್ಲಿ ಅವರು ನನಗೆ ಮಾವನೂ ಅಲ್ಲ, ಏನೂ ಅಲ್ಲ. ಗೋಡೆ ಹಂಚಿಕೊಂಡವರು, ಅಷ್ಟೆ. ಹಣೆತುಂಬ ವಿಭೂತಿ ಬಳಿದುಕೊಂಡು, ಗಲ್ಲಾ ಪೆಟ್ಟಿಗೆಯ ಹಿಂದೆ ಕೂತು, ಬಂದ ಗಿರಾಕಿಯ ಜೊತೆ ಜಗಳ ಆಡುವುದೇ ಅವರ ವ್ಯಾಪಾರದ ರೀತಿ. ಜಗಳ ಆಡದೆ ಕೇಳಿದ ಬೆಲೆ ಕೊಟ್ಟು ಹೋದವರನ್ನು ಕಂಡರೆ ಅವರಿಗೆ ಅನುಮಾನ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ನಾನು ಹಣಕಾಸಿನ ಬಗ್ಗೆ ಯಾರೋ ಕನ್ನಡದಲ್ಲಿ ಬರೆಯುತ್ತಿದ್ದ ಬ್ಲಾಗೊಂದನ್ನು ತೆರೆದಿದ್ದೆ. ಷೇರು ಪೇಟೆ ಕುಸಿದಿದೆ, ಏನು ಮಾಡಬೇಕು ಎಂಬ ಲೇಖನ. ನಾನು ಓದಿ ಹೇಳಿದ್ದಕ್ಕೆ ಮಾವ ತಲೆ ಕೊಡವಿ, "ಸೇರು ಬಿದ್ರೆ ಎತ್ಕೊಳ್ಳದಪ್ಪ. ನೆಗ್ಗಿದ್ರೆ ನನ್ನತ್ರ ತತ್ತರೆ, ಬಡಿಸಿ ಕೊಡ್ತೀನಿ. ಅದ್ಕೆ ಇಷ್ಟುದ್ದ ಬರೀಬೇಕಾ?" ಅಂದರು. ಅವರ ಅಂಗಡಿಯಲ್ಲಿ ಸೇರು, ಪಾವು, ಚಟಾಕುಗಳು ಸಾಲಾಗಿ ಕೂತಿದ್ದವು. ನಮ್ಮ ಕಡೆಯ ಬಾಯಲ್ಲಿ ಷೇರೂ ಸೇರೇ ತಾನೆ? ವ್ಯತ್ಯಾಸ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಎಲ್ಲ ಕೇಳಿದ ಮೇಲೆ ಅವರು ತೆಗೆದ ತಾತ್ಪರ್ಯ ಇಷ್ಟೇ: ಆ ಸೇರಿನಲ್ಲಿ ಅಕ್ಕಿ ಅಳೆಯೋಕಾಗಲ್ಲ.

ಆದರೆ ಲೇಖನದ ಕೆಳಗಿನ ಚರ್ಚೆ ಇತ್ತಲ್ಲ, ಅದು ಅವರಿಗೆ ಭಾರೀ ಹಿಡಿಸಿತು. ಒಬ್ಬರು ಚಿನ್ನ ಅನ್ನುವುದು, ಇನ್ನೊಬ್ಬರು ಸೈಟು ಅನ್ನುವುದು, ಮತ್ತೊಬ್ಬರು ಇಬ್ಬರನ್ನೂ ದಡ್ಡರು ಅನ್ನುವುದು. ಮಾರನೆಯ ದಿನ ಊಟ ಮುಗಿಸಿ ನೇರ ಬಂದವರೇ, "ಮೇಲಿಂದು ಬುಡವ್ವ. ಕೆಳಗಡೆ ಯಾರ್‍ಯಾರು ಬಂದವ್ರೆ ನೋಡು" ಅಂದರು. ಲೇಖನವನ್ನು ಅವರು ಒಂದು ದಿನವೂ ಪೂರ್ತಿ ಕೇಳಿದವರಲ್ಲ. ಬರೆದವನು ಯಾರೋ ಪಾಪ, ಕಷ್ಟಪಟ್ಟು ಗ್ರಾಫು ಹಾಕುತ್ತಿದ್ದ.

ಸ್ವಲ್ಪ ದಿನದಲ್ಲೇ ಮಾವ ಸುಮ್ಮನೆ ಕೇಳುವುದು ಬಿಟ್ಟು ಉತ್ತರ ಕೊಡಲು ಶುರು ಮಾಡಿದರು. ಅವರು ಹೇಳುವುದು, ನಾನು ಟೈಪು ಮಾಡುವುದು. ಅವರ ಮಾತನ್ನು ಇದ್ದ ಹಾಗೆ ಹಾಕಿದರೆ ಮಾನಹಾನಿ ಕೇಸು ಗ್ಯಾರಂಟಿ ಅಂತ ನಾನು ಒಂದಿಷ್ಟು ಇಸ್ತ್ರಿ ಮಾಡಿ ಹಾಕುತ್ತಿದ್ದೆ. ಪಾತ್ರೆಗಳನ್ನೂ ಆನ್‌ಲೈನಿನಲ್ಲಿ ಕೊಳ್ಳಬಹುದೇ ಎಂಬ ಚರ್ಚೆಗೆ ಮಾವ, "ಬಾರಿಸಿ ನೋಡ್ದೆ ಪಾತ್ರೆ ತಗೊಳ್ಳೋನು ಮೊಕ ನೋಡ್ದೆ ಮದ್ವೆನೂ ಆಯ್ತನೆ, ಮುಂಡೇದು" ಅಂದರು. ನಾನು, "ಆನ್‌ಲೈನ್ ಖರೀದಿಯಲ್ಲಿ ಗ್ರಾಹಕನಿಗೆ ವಸ್ತುವಿನ ನಾದವನ್ನು ಪರೀಕ್ಷಿಸುವ ಅವಕಾಶವಿಲ್ಲವೆಂಬುದು ವಿಷಾದನೀಯ" ಎಂದು ಬರೆದೆ. ಕೆಳಗೆ "ಪಾತ್ರೆ ಅಂಗಡಿ, ಕೆ.ಆರ್. ನಗರ" ಅಂತ ಅವರ ಸಹಿ. ಅದನ್ನು ಓದಿದ ಜನ ಇವರು ಯಾರೋ ನಿವೃತ್ತ ಪ್ರೊಫೆಸರು, ಪಾತ್ರೆ ಅಂಗಡಿ ಎಂಬುದು ಕಾವ್ಯನಾಮ ಎಂದುಕೊಂಡು "ಸರ್, ತಮ್ಮ ಅಭಿಪ್ರಾಯ?" ಎಂದು ಕೇಳತೊಡಗಿದರು. ಮಾವ ಮೀಸೆ ಸವರಿಕೊಂಡು, "ಕೇಳ್ತಾವ್ರೆ ನೋಡು" ಅನ್ನುತ್ತಿದ್ದರು.

ಆ ಬ್ಲಾಗಿನಲ್ಲಿ ಹೆಸರು ಹಾಕದೆ ಬರೆದರೆ "ಅನಾಮಧೇಯ ಹೇಳಿದರು" ಅಂತ ಬರುತ್ತಿತ್ತು. ಅಲ್ಲಿ ಬರೆಯುವವರಲ್ಲಿ ಅರ್ಧಕ್ಕರ್ಧ ಜನ ಹೆಸರು ಹಾಕುತ್ತಿರಲಿಲ್ಲ. ಮಾವ ಮಾತ್ರ ಈ ಅನಾಮಧೇಯ ಒಬ್ಬನೇ ಆಸಾಮಿ ಎಂದು ತೀರ್ಮಾನ ಮಾಡಿಬಿಟ್ಟರು. ಅವನಿಗೆ ಅನಾಮಣ್ಣ ಎಂದು ಹೆಸರೂ ಇಟ್ಟರು.

"ಮಾವ, ಅವರೆಲ್ಲ ಬೇರೆಬೇರೆಯವರು" ಎಂದೆ.

"ಓಗವ್ವ ನೀನು. ಎಸ್ರೇ ಇಲ್ದಿರೋ ಜನ ಅಷ್ಟೊಂದು ಇದ್ದಾರಾ? ಓಟರ್ ಲಿಸ್ಟಲ್ಲಿ ಒಬ್ನಾದ್ರೂ ಅವ್ನಾ?"

ಅಲ್ಲಿಂದ ಮುಂದೆ ಅನಾಮಣ್ಣನ ಚಿಂತೆ ಮಾವನಿಗೆ ದಿನಚರಿಯಾಯಿತು. ಬೆಳಿಗ್ಗೆ ಚಿನ್ನ ಕೊಳ್ಳಿ ಅನ್ನುತ್ತಾನೆ, ಸಂಜೆ ಮಾರಿ ಅನ್ನುತ್ತಾನೆ. ಸೋಮವಾರ ಸರ್ಕಾರವನ್ನು ಹೊಗಳುತ್ತಾನೆ, ಮಂಗಳವಾರ ಕಿತ್ತೊಗೆಯಿರಿ ಅನ್ನುತ್ತಾನೆ. ಒಂದು ಸಲ ತನಗೆ ತಾನೇ "ನಿನ್ನಂಥ ಮೂರ್ಖನನ್ನು ಕಂಡಿಲ್ಲ" ಎಂದು ಬೈದುಕೊಂಡ. ಅದನ್ನು ಓದಿ ಹೇಳಿದಾಗ ಮಾವ, "ಮನೇಲಿ ಏನೋ ಸರಿ ಇಲ್ಲ ಕಣವ್ವ ಅವನ್ಗೆ" ಅಂದರು. ಬೈಯುವುದನ್ನು ಬಿಡಲಿಲ್ಲ, ಆದರೆ ಬೈಗುಳದ ಕೊನೆಯಲ್ಲಿ "ಊಟ ಸರ್‍ಯಾಗಿ ಮಾಡು" ಎಂದು ಸೇರಿಸಲು ಹೇಳತೊಡಗಿದರು. ನಾನು ಅದನ್ನು "ಆರೋಗ್ಯದ ಕಡೆ ಗಮನವಿರಲಿ" ಎಂದು ಮಾಡುತ್ತಿದ್ದೆ.

ಹೀಗೇ ನಗುನಗುತ್ತ ನಡೆದಿತ್ತು. ಒಂದು ಮಧ್ಯಾಹ್ನ ಆನ್‌ಲೈನ್ ಟ್ರೇಡಿಂಗ್ ಬಗ್ಗೆ ಬಂದಿದ್ದ ಲೇಖನದ ಕೆಳಗೆ ಅನಾಮಧೇಯ ಹೀಗೆ ಹೇಳಿದರು: "ಇದು ನನ್ನಂಥವರಿಗಲ್ಲ ಎಂದು ತಿಳಿಯುವ ಹೊತ್ತಿಗೆ ಎಲ್ಲ ಮುಗಿಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನ್ನೆ ಚುಂಚನಕಟ್ಟೆಗೆ ಹೋಗಿ ನೀರು ನೋಡುತ್ತ ಕೂತಿದ್ದೆ. ಇನ್ನು ಇಲ್ಲಿಗೆ ಬರುವುದಿಲ್ಲ. ಎಲ್ಲರಿಗೂ ನಮಸ್ಕಾರ."

ಅದರ ಕೆಳಗೆ ಒಬ್ಬ ನಗುವ ಮುಖ ಹಾಕಿದ್ದ. ಇನ್ನೊಬ್ಬ ತಾನು ನಡೆಸುವ ಟ್ರೇಡಿಂಗ್ ಕ್ಲಾಸಿನ ವಿವರ ಕೊಟ್ಟಿದ್ದ.

ನಾನು ಓದಿ ಮುಗಿಸಿದಾಗ ಮಾವ ಎದ್ದು ನಿಂತಿದ್ದರು. ಅವರ ಗದ್ದೆ ಇದ್ದದ್ದೂ ಚುಂಚನಕಟ್ಟೆಯ ಹತ್ತಿರವೇ. ಅಲ್ಲಿ ಕಾವೇರಿ ಹೇಗೆ ಧುಮುಕುತ್ತಾಳೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಅನಾಮಣ್ಣ ನಮ್ಮ ಕಡೆಯೋನಾ..." ಅಂದರು. ಆಮೇಲೆ, "ಟೈಪ್ ಒಡಿ. ನಾನು ಏಳ್ದಂಗೇ ಒಡಿ. ಒಂದಕ್ಷರ ತಿದ್ದಿದ್ರೆ ನಿನ್ನ ಅಂಗಡಿ ಮೆಟ್ಲು ಅತ್ತಕಿಲ್ಲ" ಎಂದರು.

ನಾನು ತಿದ್ದಲಿಲ್ಲ. ಅದಕ್ಕೇ ನನಗೆ ಅದು ಇವತ್ತಿಗೂ ಬಾಯಿಪಾಠ.

"ಲೋ ಅನಾಮಣ್ಣ, ನೀರು ನೋಡಿದ್ದು ಸಾಕು. ಆ ನೀರು ನಮ್ಮಜ್ಜನ ಕಾಲದಿಂದ್ಲೂ ಅಂಗೇ ಬೀಳ್ತಾ ಅದೆ, ನೀನು ನೋಡ್ನಿಲ್ಲ ಅಂತ ನಿಲ್ಲಕಿಲ್ಲ. ಎದ್ದು ಕೆ.ಆರ್. ನಗರಕ್ಕೆ ಬಾ. ಬಜಾರ್ ರಸ್ತೆ ಪಾತ್ರೆ ಅಂಗಡಿ ಅಂದ್ರೆ ಯಾರಾದ್ರೂ ತೋರುಸ್ತರೆ. ಬಂದು ಊಟ ಮಾಡು. ನಾನೇನೂ ಕೇಳಕಿಲ್ಲ."

ಅವತ್ತೇ ಅಂಗಡಿ ಬಾಗಿಲು ಹಾಕಿ, ಸ್ಕೂಟರು ಹತ್ತಿ ಚುಂಚನಕಟ್ಟೆಗೆ ಹೋದರು. ಟೀ ಅಂಗಡಿ, ದೇವಸ್ಥಾನ, ಕಟ್ಟೆ ಎಲ್ಲ ಕಡೆ ವಿಚಾರಿಸಿದರಂತೆ. ಏನೆಂದು ವಿಚಾರಿಸುವುದು? "ಎಸ್ರು ಗೊತ್ತಿಲ್ಲ, ಮೊಕ ಗೊತ್ತಿಲ್ಲ, ಮಾತು ಬದಲಾಯಿಸ್ತನೆ" ಎಂದರೆ ಟೀ ಅಂಗಡಿಯವನು, "ಅಂಥೋರು ಇಲ್ಲಿ ಬಾಳ ಜನ ಬತ್ತರೆ ಸ್ವಾಮಿ, ಎಲೆಕ್ಷನ್ ಟೈಮಲ್ಲಿ" ಎಂದನಂತೆ. ಮಾವ ಅದನ್ನು ಹೇಳುವಾಗ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಮಾರನೆಯ ದಿನದಿಂದ ಮನೆಯಿಂದ ಬರುವ ಊಟದ ಕ್ಯಾರಿಯರಿಗೆ ಒಂದು ಡಬ್ಬಿ ಜಾಸ್ತಿಯಾಯಿತು. ಅತ್ತೆ, ಅಂದರೆ ಅವರ ಹೆಂಡತಿ, ಫೋನು ಮಾಡಿ ನನ್ನನ್ನು ಕೇಳಿದರು: "ಯಾರವ್ವ ಅದು ಅನಾಮಣ್ಣ? ಬತ್ತಾನಂತೆ ಬತ್ತಾನಂತೆ, ನೆಂಟನಾ ಗಿರಾಕಿಯಾ?" ಎರಡೂ ಅಲ್ಲ ಎಂದು ಹೇಗೆ ಹೇಳಲಿ? ಹೊತ್ತು ಇಳಿಯುವ ತನಕ ಕಾದು, ಯಾರೂ ಬಾರದಿದ್ದರೆ ಆ ಡಬ್ಬಿ ನನ್ನ ಅಂಗಡಿಗೆ ಬರುತ್ತಿತ್ತು. ಮುದ್ದೆ, ಬಸ್ಸಾರು, ಒಂದೊಂದು ದಿನ ಒಬ್ಬಟ್ಟು. ಅನಾಮಣ್ಣನ ದಯೆಯಿಂದ ನನ್ನ ರವಿಕೆಗಳೆಲ್ಲ ಹೊಲಿಗೆ ಬಿಚ್ಚಿಸಿಕೊಂಡವು.

ಅಷ್ಟರಲ್ಲಿ ನಿಜವಾಗಿಯೂ ಒಬ್ಬ ಬಂದ. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರ. ಮಾವನ ಕಾಮೆಂಟು ನೋಡಿ, ಈ ಪ್ರೊಫೆಸರನ್ನು ಕಣ್ಣಾರೆ ಕಾಣೋಣವೆಂದು ಬಂದವನು, "ನಾನು ಅನಾಮಧೇಯ" ಎಂದು ಕೈ ಮುಗಿದ. ಮಾವ ಎರಡು ಕೈಯಲ್ಲಿ ಅವನ ಭುಜ ಹಿಡಿದು ಕೂರಿಸಿ, ಊಟ ಬಡಿಸಿ, ಕೊಟ್ಟ ಮಾತಿನಂತೆ ಏನೂ ಕೇಳದೆ ಅವನನ್ನೇ ನೋಡುತ್ತ ಕೂತರು. ಅವನು ಗಡದ್ದಾಗಿ ಎರಡು ಮುದ್ದೆ ಉಂಡು ಕೈ ತೊಳೆದ ಮೇಲೆ ಮಾವ ಮೆಲ್ಲಗೆ, "ಇನ್ಮೇಲೆ ನೀರತ್ರ ಓಗಬ್ಯಾಡಪ್ಪ" ಎಂದರು.

"ಯಾವ ನೀರು? ನಾನು ಚಿನ್ನ ತಗೊಳ್ಳಿ ಅಂದೋನು ಕಣ್ರೀ" ಎಂದ ಅವನು.

ಆ ವಾರದಲ್ಲೇ ಎಚ್.ಡಿ. ಕೋಟೆಯಿಂದ ಇನ್ನೊಬ್ಬ ಬಂದ. ಅವನು ಚಿನ್ನ ಮಾರಿ ಎಂದವನು. ಅವನಿಗೂ ಊಟವಾಯಿತು. ಅವತ್ತು ಸಂಜೆ ಮಾವ ನನ್ನ ಅಂಗಡಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. "ಅಂಗಾದ್ರೆ ಅನಾಮಣ್ಣ ಒಬ್ನಲ್ಲ..." ಅಂದರು. ನಾನು ಮೊದಲೇ ಹೇಳಿದ್ದೆನೆಂದು ಜಂಬ ಕೊಚ್ಚಲು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ. "ಇಷ್ಟ್ ದಿನ ಯಾರ ಬೈಗುಳ ಯಾರ್ಗೆ ಓಯ್ತೋ ಕಣವ್ವ. ಓಗ್ಲಿ, ಆ ನೀರಿನೋನು ಯಾರು? ಅವನೆಲ್ಲವ್ನೆ?"

ನೀರಿನವನು ಬರಲಿಲ್ಲ. ಬ್ಲಾಗಿನಲ್ಲೂ ಮತ್ತೆ ಅಂಥ ಮಾತು ಕಾಣಲಿಲ್ಲ. ಪೇಪರಿನಲ್ಲಿ ಹೊಳೆಯ ಸುದ್ದಿ ಏನಾದರೂ ಬಂದಿದೆಯಾ ಎಂದು ಮಾವ ದಿನಾ ನನ್ನಿಂದ ಓದಿಸುತ್ತಿದ್ದರು, ಬಂದಿಲ್ಲವೆಂದರೆ ಉಸಿರು ಬಿಡುತ್ತಿದ್ದರು. ಬರಬರುತ್ತ ಎಲ್ಲರ ಕೈಗೂ ಫೋನು ಬಂತು, ಜನ ಬೇರೆ ಕಡೆ ಜಗಳ ಆಡಲು ಹೋದರು, ಬ್ಲಾಗು ನಿಂತುಹೋಯಿತು. ನಾನು ಅಂಗಡಿಯನ್ನು ಹುಣಸೂರಿಗೆ ಸಾಗಿಸಿದೆ. ಆಮೇಲೂ ಆಗೊಮ್ಮೆ ಈಗೊಮ್ಮೆ ಮಾವ ಫೋನು ಮಾಡುತ್ತಿದ್ದರು. ಮಕ್ಕಳು ಹೇಗಿದ್ದಾರೆ, ವ್ಯಾಪಾರ ಹೇಗಿದೆ ಎಂಬುದೆಲ್ಲ ಆದ ಮೇಲೆ ಕೊನೆಗೆ ಅದೇ ಪ್ರಶ್ನೆ. ಅವನೇನಾದರೂ ಬರೆದಿದ್ದಾನಾ? ಇಲ್ಲ ಮಾವ ಎನ್ನುತ್ತಿದ್ದೆ. "ಇರ್ಲಿ ಬುಡು, ಎಲ್ಲೋ ಇರ್ತನೆ" ಎನ್ನುತ್ತಿದ್ದರು. ಹೋದ ವರ್ಷ ಮಾವ ತೀರಿಕೊಂಡರು. ಸಾಯುವ ಹಿಂದಿನ ತಿಂಗಳೂ ಅದನ್ನೇ ಕೇಳಿದ್ದರು.

ಆ ಬಟ್ಟಲಿನ ನೆಪದಲ್ಲಿ ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಕಳೆದ ತಿಂಗಳು ನನ್ನ ಅಂಗಡಿಗೆ ಹನಗೋಡಿನ ಕಡೆಯವರೊಬ್ಬರು ಪಹಣಿಯ ಪ್ರಿಂಟು ತೆಗೆಸಲು ಬಂದಿದ್ದರು. ತಲೆ ಅರ್ಧ ನರೆತ, ಮೆತ್ತಗಿನ ಮನುಷ್ಯ. ನನ್ನನ್ನೇ ದಿಟ್ಟಿಸಿ ನೋಡಿ, "ನೀವು ಮೊದ್ಲು ಕೆ.ಆರ್. ನಗರದಲ್ಲಿ ಪಾತ್ರೆ ಅಂಗಡಿ ಪಕ್ಕದಲ್ಲಿ ಇದ್ರಿ ಅಲ್ವರಾ?" ಎಂದರು. ಹೌದೆಂದೆ. ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದರು. ಆ ನೀರಿನ ಮಾತು ಬರೆದವರು ಅವರೇ.

"ಅವರು ಬರೆದಿದ್ದು ನೋಡಿ ನಾಕ್ ದಿನ ಬಿಟ್ಟು ಬಂದಿದ್ದೆ ಕಣ್ರೀ. ಅಂಗಡಿ ಮುಂದೆ ನಿಂತಾಗ ಏನ್ ಬೇಕು ಅಂದ್ರು. ನಾನೇ ಅವನು ಅನ್ನಕ್ಕೆ ಬಾಯೇ ಬರ್ನಿಲ್ಲ. ಅಂಡೆ ಬೇಕು ಅಂದ್ಬುಟ್ಟೆ."

ಜೇಬಿನಲ್ಲಿ ಬಸ್ ಚಾರ್ಜು ಬಿಟ್ಟರೆ ಹೆಚ್ಚು ಕಾಸಿರಲಿಲ್ಲವಂತೆ. ಮಾವ ಅಟ್ಟದ ಮೇಲಿದ್ದ ಹಂಡೆಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ಬಾರಿಸಿ ತೋರಿಸಿದರು. ಇವರು ಬೆಲೆ ಜಾಸ್ತಿ ಎಂದರು, ಮಾವ ರೇಗಿದರು. ಇವರೂ ರೇಗಿದರು. ನೋಡೋಕೆ ಬಂದೆಯಾ ತಗೊಳ್ಳೋಕೆ ಬಂದೆಯಾ ಎಂದು ಮಾವ ಕೂಗಾಡಿದರು. ಕೊನೆಗೆ ಇವರು ಒಂದು ಸೌಟು ತಗೊಂಡರು. ಅಷ್ಟು ಹೊತ್ತು ಜಗಳ ಆಡುತ್ತ ಹೊಳೆಯ ಯೋಚನೆ ತಲೆಗೇ ಬರಲಿಲ್ಲವೆಂದು ಹೇಳುವಾಗ ಆ ಮನುಷ್ಯ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ನನಗೂ ಅಷ್ಟೆ.

"ಸೌಟು ಕೊಟ್ಬುಟ್ಟು, ಇನ್ನೂ ಬೈತಾನೇ, ಊಟ ಆಯ್ತೇನೋ ಅಂದ್ರು. ಇಲ್ಲ ಅಂದೆ. ನಮ್ಮೋನೊಬ್ಬ ಬರ್ಬೇಕಿತ್ತು, ಇನ್ನೂ ಬರ್ನಿಲ್ಲ, ಅವನ ಪಾಲಿಂದು ಅದೆ, ಉಣ್ಣು ಕೂತ್ಕೊ ಅಂತ ಡಬ್ಬಿ ಬಿಚ್ಚಿ ಬಡಿಸಿದ್ರು. ನಾನು ಉಣ್ತಾ ಇದ್ರೆ ಅವರು ರಸ್ತೇನೇ ನೋಡ್ತಾ ಕೂತಿದ್ರು."

ಅವತ್ತು ಡಬ್ಬಿ ಬರಲಿಲ್ಲವೆಂದು ನಾನು ಪಕ್ಕದ ಅಂಗಡಿಯಲ್ಲಿ ಮುನಿಸಿಕೊಂಡು ಕೂತಿದ್ದೆನೋ ಏನೋ... ನೆನಪಿಲ್ಲ.

ಪ್ರಿಂಟು ತಗೊಂಡು ಮಡಿಸಿ ಜೇಬಿಗಿಟ್ಟುಕೊಂಡು ಅವರು, "ಈ ಸಲ ಓಗಿ ಏಳ್ಬುಡ್ತೀನಿ. ಈಗ್ಲೂ ಅಂಗ್ಡೀಲಿ ಕೂರ್ತರಾ?" ಎಂದು ಕೇಳಿದರು. ಹೇಳಬೇಕಾದ್ದನ್ನು ಹೇಳಿದೆ. ಅವರು, ನಾನು ಕೇಳದಿದ್ದರೂ, ತಮ್ಮ ಹೆಸರು ಹೇಳಿ, ಬಸ್ಸಿಗೆ ಹೊರಟರು.